ಬಂಡೆಗೆ ಹಿಡಿದ ಗೊಣ್ಣೆ

ಕೆನಡಾದ ಪಶ್ಚಿಮ ಅಂಚಿನಲ್ಲಿರುವ ವ್ಯಾಂಕೂವರ್ ದ್ವೀಪದ ಹೊಳೆಗಳು ಸಾಲ್ಮನ್ ಮೀನಿಗೆ ಹೆಸರುವಾಸಿ. ತಣ್ಣನೆಯ ನೀರು, ತಳದ ಕಲ್ಲು ಎಣಿಸುವಷ್ಟು ತಿಳಿ. 1980ರ ದಶಕದ ಕೊನೆಗೆ ಅಲ್ಲಿ ಗಾಳ ಹಾಕಲು ಹೋದವರಿಗೆ ಕೆಲವು ಹೊಳೆಗಳಲ್ಲಿ ಆ ಕಲ್ಲುಗಳೇ ಕಾಣಲಿಲ್ಲ. ಅವುಗಳ ಮೇಲೆ ಬೂದುಗಂದು ಬಣ್ಣದ ದಪ್ಪ ಕಂಬಳಿ ಹೊದಿಸಿದಂತಿತ್ತು. ಕಿತ್ತು ತೇಲಿ ಬಂದ ತುಣುಕುಗಳು ಥೇಟ್ ಒದ್ದೆ ಟಾಯ್ಲೆಟ್ ಪೇಪರಿನಂತೆ ಕಂಡವು. ಎಲ್ಲೋ ಕೊಳಚೆ ಪೈಪು ಒಡೆದಿರಬೇಕು ಎಂದು ಯಾರಿಗಾದರೂ ಅನಿಸಬೇಕು.

ಅದು ಕೊಳಚೆಯಲ್ಲ, ಡಿಡಿಮೊ ಎಂಬ ಪಾಚಿ. ಪೂರ್ತಿ ಹೆಸರು ಡಿಡಿಮೊಸ್ಫೀನಿಯಾ ಜೆಮಿನಾಟ. ಇಂಗ್ಲಿಷಿನವರು ಇದನ್ನು ಅಡ್ಡಹೆಸರಿನಿಂದ 'ರಾಕ್ ಸ್ನಾಟ್' ಎನ್ನುತ್ತಾರೆ, ಅಂದರೆ ಬಂಡೆಯ ಗೊಣ್ಣೆ. ಪಾಪ, ಮುಟ್ಟಿದರೆ ಅದು ಲೋಳೆಯೇ ಅಲ್ಲ. ನೆನೆದ ಉಣ್ಣೆಯ ಹಾಗೆ ಒರಟು.

ಇದು ಒಂದೇ ಜೀವಕೋಶದ ಜೀವಿ, ಸುತ್ತ ಗಾಜಿನಂಥ ಸಿಲಿಕಾ ಕವಚ. ಕಲ್ಲಿಗೆ ಅಂಟಿಕೊಳ್ಳಲು ಒಂದು ದಂಟು ಬೆಳೆಸುತ್ತದೆ. ಕೋಶ ಎರಡಾದಾಗ ದಂಟೂ ಕವಲೊಡೆಯುತ್ತದೆ. ಕೋಶ ಸತ್ತರೂ ದಂಟು ಬೇಗ ಕೊಳೆಯುವುದಿಲ್ಲ. ನಮಗೆ ಕಾಣುವ ಕಂಬಳಿಯಲ್ಲಿ ಬಹುಪಾಲು ಈ ದಂಟೇ.

ನಮ್ಮ ಊರ ಕೆರೆ ಹಸಿರುಗಟ್ಟಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚರಂಡಿ ನೀರು, ಸೋಪಿನ ಪುಡಿ, ಹೊಲದ ಗೊಬ್ಬರ. ಅವುಗಳಲ್ಲಿರುವ ರಂಜಕವನ್ನು ತಿಂದು ಪಾಚಿ ಕೊಬ್ಬುತ್ತದೆ. ಡಿಡಿಮೊ ಇದಕ್ಕೆ ಪೂರಾ ಉಲ್ಟಾ. ಲೀಟರಿಗೆ ಸುಮಾರು 2 ಮೈಕ್ರೋಗ್ರಾಂಗಿಂತ ಕಡಿಮೆ ರಂಜಕ ಇರುವ ನೀರಿನಲ್ಲೇ ಇದು ಕಂಬಳಿ ಹಾಸುವುದು. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಲೆಕ್ಕ ಹಾಕಿದರೆ 2 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೂಗುತ್ತದೆ.

ಊಟವೇ ಇಲ್ಲದ ಕಡೆ ಇಷ್ಟು ಬೆಳೆಯುವುದು ಹೇಗೆ? ಕೆನಡಾದ ಮ್ಯಾಕ್ಸ್ ಬಾಥ್‌ವೆಲ್ ಮತ್ತು ನ್ಯೂಜಿಲೆಂಡಿನ ಕ್ಯಾಥಿ ಕಿಲ್ರಾಯ್ ಈ ಒಗಟಿನ ಹಿಂದೆ ಬಿದ್ದರು. ಹೊಳೆಯ ದಡದಲ್ಲಿ ಕೃತಕ ಕಾಲುವೆ ಮಾಡಿ, ನೀರಿಗೆ ಚೂರು ರಂಜಕ ಸೇರಿಸಿ ನೋಡಿದರು. ಕೋಶಗಳು ಬೇಗಬೇಗ ಎರಡಾದವು, ದಂಟು ಮಾತ್ರ ಗಿಡ್ಡವಾಯಿತು. ರಂಜಕ ಇಲ್ಲದಾಗ ಕೋಶ ಎರಡಾಗಲಾರದು. ಆದರೆ ಬಿಸಿಲಿಗೇನು ಬರ? ಸಕ್ಕರೆ ತಯಾರಾಗುತ್ತಲೇ ಇರುತ್ತದೆ. ಸಿಮೆಂಟ್ ಇಲ್ಲದ ಸೈಟಿಗೆ ಇಟ್ಟಿಗೆ ಲೋಡುಗಟ್ಟಲೆ ಬಂದು ಬಿದ್ದಂತೆ. ಮನೆ ಏಳುವುದಿಲ್ಲ, ರಾಶಿ ಏಳುತ್ತದೆ. ಮಿಕ್ಕ ಸಕ್ಕರೆಯೆಲ್ಲ ದಂಟಾಗಿ ಉದ್ದಕ್ಕೆ ಚಾಚುತ್ತದೆ. ನೋಡುವವರಿಗೆ ಕೊಬ್ಬು ಅನಿಸಿದ್ದು ಅಸಲಿಗೆ ಹಸಿವು!

ಇದು ಗೊತ್ತಾಗುವ ಮೊದಲು ಬೈಸಿಕೊಂಡದ್ದು ಗಾಳ ಹಾಕುವವರ ಬೂಟು. ಅದಕ್ಕೆ ಅಂಟಿಕೊಂಡೇ ಪಾಚಿ ಹೊಳೆಯಿಂದ ಹೊಳೆಗೆ ಹೋಗುತ್ತದೆ ಎಂಬ ಅನುಮಾನ. ನ್ಯೂಜಿಲೆಂಡಿನ ಮಟ್ಟಿಗೆ ಆ ಅನುಮಾನ ನ್ಯಾಯವೇ. 2004ರಲ್ಲಿ ಅಲ್ಲಿಯ ದಕ್ಷಿಣ ದ್ವೀಪದಲ್ಲಿ ಡಿಡಿಮೊ ಕಾಣಿಸಿಕೊಂಡಿತು. ಬೂಟಿನ ಫೆಲ್ಟ್ ಅಟ್ಟೆ, ಅಂದರೆ ಒತ್ತಿದ ದಪ್ಪ ಬಟ್ಟೆಯಂಥ ಅಟ್ಟೆ, ಬೇಗ ಒಣಗುವುದಿಲ್ಲ, ಅದರಲ್ಲಿ ಕೋಶಗಳು ಬದುಕಿ ಉಳಿಯುತ್ತವೆ. ಹಾಗಾಗಿ 2008ರಲ್ಲಿ ಅಂಥ ಬೂಟು ಹಾಕಿ ಹೊಳೆಗಿಳಿಯುವುದನ್ನೇ ಅಲ್ಲಿ ನಿಷೇಧಿಸಿದರು. ಉತ್ತರ ಅಮೆರಿಕದ ಕಥೆ ಬೇರೆ. ಅಲ್ಲಿ ಹಲವು ಕಡೆ ಕೆಸರಿನ ಪದರಗಳಲ್ಲಿ ಇದರ ಹಳೆಯ ಕವಚಗಳು ಸಿಕ್ಕಿವೆ. ಯುರೋಪಿನಲ್ಲಂತೂ ಫೆರೋ ದ್ವೀಪಗಳಿಂದ ಇದನ್ನು 1819ರಲ್ಲೇ ವರ್ಣಿಸಿದ್ದರು. ನಮ್ಮ ಹಿಮಾಲಯದ ತಣ್ಣನೆಯ ನದಿಗಳಲ್ಲೂ ಇದೆ. ಹಳೇ ನೆಂಟ ಸುಮ್ಮನಿದ್ದವನು ಈಗ ಯಾಕೆ ಹೀಗಾಡುತ್ತಿದ್ದಾನೆ ಎಂದು ಕೇಳಬೇಕೇ ಹೊರತು, ಯಾರು ಕರೆತಂದರು ಎಂದಲ್ಲ.

ಸಾಲ್ಮನ್‌ಗೆ ಇದರಿಂದ ಏನಾಯಿತು? ಕೆನಡಾದ ಕ್ವಿಬೆಕ್‌ನ ಮಟಪೀಡಿಯಾ ಎಂಬ ಸಾಲ್ಮನ್ ನದಿಯಲ್ಲಿ 2006ರಲ್ಲಿ ಡಿಡಿಮೊ ಹಾಸಿಕೊಂಡಾಗ ಎಲ್ಲರಿಗೂ ಇದೇ ಚಿಂತೆ. ಸಾಲ್ಮನ್ ಮೊಟ್ಟೆ ಇಡುವುದು ಜಲ್ಲಿಕಲ್ಲಿನ ಸಂದಿಯಲ್ಲಿ. ಮರಿಗಳು ತಿನ್ನುವುದು ಕಲ್ಲಿಗಂಟಿದ ಹುಳುಗಳನ್ನು. ಕಂಬಳಿ ಬಿದ್ದ ಕಡೆ ಹುಳುಗಳ ಲೆಕ್ಕ ಬದಲಾಗುವುದು ನಿಜ. ಕೆಂಪುಹುಳುವಿನಂಥ ಪುಟಾಣಿಗಳ ಪಾಲು ಹೆಚ್ಚುತ್ತದೆ, ದೊಡ್ಡ ಹುಳುಗಳ ಪಾಲು ಇಳಿಯುತ್ತದೆ. ಆದರೂ ವ್ಯಾಂಕೂವರ್ ದ್ವೀಪದಲ್ಲಾಗಲಿ ನಾರ್ವೆಯಲ್ಲಾಗಲಿ ಮೀನಿನ ಸಂಖ್ಯೆಗೆ ಸ್ಪಷ್ಟವಾದ ಏಟು ಕಂಡಿಲ್ಲ. ಗಾಳಕ್ಕೆ ಸಿಕ್ಕಿಕೊಂಡು ತಲೆ ಕೆಡಿಸುವುದಂತೂ ಖಂಡಿತ.

ಹಳೇ ನೆಂಟ ಈಗ ಹೀಗಾಡುತ್ತಿದ್ದರೆ ನೀರಿನ ರಂಜಕ ಇಳಿದಿರಬೇಕು. ಯಾಕೆ ಇಳಿಯಿತು ಎಂಬುದಕ್ಕೆ ಹಲವು ಊಹೆಗಳಿವೆ. ಹೊಗೆ ಮತ್ತು ಗೊಬ್ಬರದಿಂದ ಗಾಳಿ ಸೇರಿದ ಸಾರಜನಕ ಮಳೆಯಲ್ಲಿ ಇಳಿಯುತ್ತದೆ. ಅದನ್ನುಂಡ ಕಾಡು ಮಣ್ಣಿನ ರಂಜಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹೊಳೆಗೆ ಬಿಡುವುದಿಲ್ಲ. ಹಿಮ ಬೇಗ ಕರಗಿದರೆ ಆ ವರ್ಷದ ರಂಜಕದ ಗಂಟು ಮೊದಲೇ ಹರಿದು ಹೋಗುತ್ತದೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮಾತ್ರ ಸಾಲ್ಮನ್‌ನದೇ ಊಹೆ. ಪೆಸಿಫಿಕ್ ಸಾಲ್ಮನ್ ಕಡಲಲ್ಲಿ ತಿಂದು ಬೆಳೆದು, ಹುಟ್ಟಿದ ಹೊಳೆಗೆ ಮರಳಿ, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದರ ಮೂಳೆ ಮಾಂಸದ ಜೊತೆ ಕಡಲಿನ ರಂಜಕ ಬೆಟ್ಟ ಹತ್ತುತ್ತದೆ. ಮೀನು ಕಡಿಮೆಯಾದರೆ ಹೊಳೆಗೆ ಆ ಊಟವೂ ಕಡಿಮೆ. ಅಂದರೆ ಪಾಚಿ ಮೀನನ್ನು ಓಡಿಸಿತು ಎನ್ನುವ ಬದಲು, ಮೀನು ಬಾರದ್ದಕ್ಕೇ ಪಾಚಿ ಹೀಗಾಯಿತೋ ಏನೋ.

ಆ ಕಡಲಕರೆಯ ಕೆಲವು ಹೊಳೆಗಳಿಗೆ ಈಗ ಜನ ಮೀನು ಮರಿ ಕೇಂದ್ರಗಳಿಂದ ಸತ್ತ ಸಾಲ್ಮನ್ ತಂದು ಕೈಯಾರೆ ಎಸೆಯುತ್ತಾರೆ. ಪಾಚಿಗೆಂದು ಅಲ್ಲ, ಮರಿಗಳ ಹೊಟ್ಟೆಗೆಂದು.