ದೊಡ್ಡ ಕೂಟಕ್ಕೆ ಹೊರಡುವ ಮುನ್ನ: ಉದ್ದೀಪನ ಮದ್ದು ತಡೆ ನಿಯಮಗಳ ಟಿಪ್ಪಣಿ

ಉದ್ದೀಪನ ಮದ್ದಿನ ಪಾಠ ಎಂದೊಡನೆ ಹೆಚ್ಚಿನವರು ನಿಷೇಧಿತ ಪಟ್ಟಿಯನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ನಾನೂ ಹಾಗೆಯೇ ಶುರು ಮಾಡಿದ್ದೆ. ಆದರೆ ಆ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗುತ್ತದೆ. ಕಳೆದ ವರ್ಷ ಕಲಿತದ್ದು ಈ ವರ್ಷ ಕೈ ಕೊಡಬಹುದು. ಏನೇ ತೆಗೆದುಕೊಳ್ಳುವ ಮೊದಲು ಪ್ರತಿ ಸಲವೂ ಪರಿಶೀಲಿಸುವ ಅಭ್ಯಾಸವೇ ನಮ್ಮನ್ನು ಹೆಚ್ಚು ಕಾಯುತ್ತದೆ ಎಂದು ನನಗೆ ಈಗ ಅನಿಸುತ್ತದೆ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, 2021ರಲ್ಲಿ ಜಾರಿಗೆ ಬಂದ ಶಿಕ್ಷಣ ಮಾನದಂಡವೂ ಮೊದಲೇ ಕಲಿಯುವುದಕ್ಕೆ ಒತ್ತು ಕೊಡುತ್ತದೆ: ಕ್ರೀಡಾಪಟುವಿಗೆ ಈ ವಿಷಯದ ಮೊದಲ ಪರಿಚಯ ಪಾಠದ ಮೂಲಕ ಆಗಬೇಕು, ಮದ್ದು ಪರೀಕ್ಷೆಯ ಮೂಲಕ ಅಲ್ಲ.

ಮೊದಲು ಅರ್ಥವಾಗಬೇಕಾದದ್ದು ಕಟ್ಟುನಿಟ್ಟಿನ ಹೊಣೆ. ನಿಷೇಧಿತ ವಸ್ತು ನಮ್ಮ ಮೂತ್ರ ಅಥವಾ ರಕ್ತದ ಮಾದರಿಯಲ್ಲಿ ಸಿಕ್ಕರೆ ಉಲ್ಲಂಘನೆ ಆದಂತೆಯೇ. ಹೇಗೆ ಬಂತು, ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಗಳು ಬರುವುದು ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವಾಗ. ಇದನ್ನು ಓದಿದಾಗ ಅನ್ಯಾಯ ಅನಿಸುವುದು ಸಹಜ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್‌ಗೆ 16 ವರ್ಷ. ನೆಗಡಿಗೆಂದು ತಂಡದ ವೈದ್ಯರೇ ಕೊಟ್ಟ ಮಾತ್ರೆಯಲ್ಲಿ ಆಗ ನಿಷೇಧದಲ್ಲಿದ್ದ ಸ್ಯೂಡೋಎಫಿಡ್ರಿನ್ ಇತ್ತು. ಆಲ್‌ರೌಂಡ್ ಚಿನ್ನ ಹೋಯಿತು, ಕ್ರೀಡಾ ನ್ಯಾಯ ಮಂಡಳಿಯಲ್ಲಿ ಮಾಡಿದ ಮೇಲ್ಮನವಿಯೂ ಬಿದ್ದುಹೋಯಿತು. ಆ ಹುಡುಗಿಯ ಕಥೆ ಓದಿದಾಗಲೆಲ್ಲ ಸಂಕಟವಾಗುತ್ತದೆ. ಆದರೂ ನಿಯಮದ ಹಿಂದಿನ ತರ್ಕ ನನಗೆ ಒಪ್ಪಿಗೆ: 'ನನಗೆ ಗೊತ್ತಿರಲಿಲ್ಲ' ಎಂಬ ಮಾತೊಂದೇ ಸಾಕಾಗುವಂತಿದ್ದರೆ ಪ್ರಾಮಾಣಿಕವಾಗಿ ಓಡುವವರಿಗೆ ರಕ್ಷಣೆಯೇ ಇರುತ್ತಿರಲಿಲ್ಲ.

ವೈದ್ಯರು ಕೊಟ್ಟರು ಎನ್ನುವುದು ಹೇಗೆ ಕವಚವಲ್ಲವೋ, ಮೊದಲಿನಿಂದ ಬಳಸುತ್ತಿದ್ದೆ ಎನ್ನುವುದೂ ಹಾಗೆಯೇ. ಬ್ರಿಟನ್ನಿನ ಸ್ಕೀ ಪಟು ಅಲೈನ್ ಬ್ಯಾಕ್ಸ್‌ಟರ್ 2002ರ ಸಾಲ್ಟ್ ಲೇಕ್ ಸಿಟಿ ಕೂಟದಲ್ಲಿ ಸ್ಲಾಲಂ ಕಂಚು ಗೆದ್ದಿದ್ದರು. ಊರಿನಲ್ಲಿ ಬಳಸುತ್ತಿದ್ದ ಮೂಗಿನ ಇನ್ಹೇಲರನ್ನೇ ಅಮೆರಿಕದಲ್ಲಿ ಕೊಂಡರು. ಹೆಸರು ಅದೇ, ಆದರೆ ಅಲ್ಲಿ ಮಾರುತ್ತಿದ್ದುದರಲ್ಲಿ ನಿಷೇಧಿತ ಉತ್ತೇಜಕ ಲೆವ್‌ಮೆಟಾಂಫೆಟಮಿನ್ ಇತ್ತು. ಅವರು ಪ್ರಾಮಾಣಿಕರು, ಲಾಭ ಪಡೆಯುವ ಉದ್ದೇಶ ಇರಲಿಲ್ಲ ಎಂದು ನ್ಯಾಯ ಮಂಡಳಿಯೇ ಬರೆಯಿತು. ಪದಕ ಮಾತ್ರ ಮರಳಲಿಲ್ಲ. ಟೆನಿಸ್ ಆಟಗಾರ್ತಿ ಮರಿಯಾ ಶರಪೋವಾ ವಿಷಯದಲ್ಲಿ ಔಷಧ ಬದಲಾಗಲಿಲ್ಲ, ಪಟ್ಟಿ ಬದಲಾಯಿತು. ಅವರು ವರ್ಷಗಳಿಂದ ಮಿಲ್ಡ್ರೊನೇಟ್ ಎಂಬ ಹೆಸರಿನಲ್ಲಿ ತೆಗೆದುಕೊಳ್ಳುತ್ತಿದ್ದುದು ಮೆಲ್ಡೋನಿಯಂ. 2016ರ ಜನವರಿ 1ರಿಂದ ಅದು ನಿಷೇಧಿತ. ಅದೇ ತಿಂಗಳ 26ರಂದು ಕೊಟ್ಟ ಮಾದರಿಯಲ್ಲಿ ಸಿಕ್ಕಿತು. ಎರಡು ವರ್ಷದ ನಿಷೇಧ ಮೇಲ್ಮನವಿಯಲ್ಲಿ 15 ತಿಂಗಳಿಗೆ ಇಳಿಯಿತು.

ಹಾಗಾಗಿ ಡಬ್ಬಿಯ ಮೇಲಿನ ದೊಡ್ಡ ಹೆಸರು ಬಿಟ್ಟು ಒಳಗಿನ ಮದ್ದಿನ ಹೆಸರನ್ನು ಓದಬೇಕು. ಆಮೇಲೆ ಅದು ದೇಹಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು, ಯಾವಾಗ ಎಂದು ಕೇಳಿಕೊಳ್ಳಬೇಕು. ಆಸ್ತಮಾದ ಸಾಲ್‌ಬ್ಯುಟಮಾಲ್ ಒಳ್ಳೆಯ ಉದಾಹರಣೆ: ಇನ್ಹೇಲರ್ ಮೂಲಕ 24 ಗಂಟೆಯಲ್ಲಿ 1600 ಮೈಕ್ರೋಗ್ರಾಂವರೆಗೆ, ಯಾವುದೇ 8 ಗಂಟೆಯಲ್ಲಿ 600 ಮೀರದಂತೆ ಬಳಸಬಹುದು. ಅದೇ ಮದ್ದು ಮಾತ್ರೆಯಾಗಿ ನಿಷಿದ್ಧ. ಡ್ರಿಪ್‌ನಲ್ಲಂತೂ ಒಳಗೆ ಏನಿದೆ ಎನ್ನುವುದಕ್ಕೂ ಮೊದಲು ಪ್ರಮಾಣ ನೋಡಬೇಕು. 12 ಗಂಟೆಯಲ್ಲಿ 100 ಮಿಲಿಲೀಟರ್ ಮೀರಿದರೆ, ಆಸ್ಪತ್ರೆಯ ಚಿಕಿತ್ಸೆಯಂಥ ಸಂದರ್ಭಗಳನ್ನು ಬಿಟ್ಟು, ಬರೀ ಉಪ್ಪುನೀರಿದ್ದರೂ ತಪ್ಪೇ. ಸುಸ್ತಾಗಿದೆ ಎಂದು ಡ್ರಿಪ್ ಹಾಕಿಸಿಕೊಳ್ಳುವವರು ಇದನ್ನು ಗಟ್ಟಿಯಾಗಿ ನೆನಪಿಡಿ.

'ಯಾವಾಗ' ಎನ್ನುವುದರಲ್ಲಿ ನಾನು ಬಹಳ ದಿನ ತಪ್ಪು ತಿಳಿದಿದ್ದೆ. ಸಾಮಾನ್ಯವಾಗಿ ಸ್ಪರ್ಧಾ ಅವಧಿ ಶುರುವಾಗುವುದು ಹಿಂದಿನ ದಿನ ರಾತ್ರಿ 11.59ಕ್ಕೆ, ಮುಗಿಯುವುದು ಸ್ಪರ್ಧೆ ಮತ್ತು ಅದಕ್ಕೆ ಸಂಬಂಧಿಸಿದ ಮಾದರಿ ಸಂಗ್ರಹ ಎರಡೂ ಮುಗಿದ ಮೇಲೆ. ನೋವಿನ ಮಾತ್ರೆ ಟ್ರಮಡಾಲ್ 2024ರಿಂದ ಈ ಅವಧಿಯಲ್ಲಿ ನಿಷಿದ್ಧ. ಅಂದರೆ ಸ್ಪರ್ಧೆಯ ದಿನ ನುಂಗದಿದ್ದರೆ ಸಾಕೇ? ಸಾಲದು. ಮೊದಲೇ ನುಂಗಿದ್ದು ದೇಹದಲ್ಲಿ ಉಳಿದು ಆ ದಿನದ ಮಾದರಿಯಲ್ಲಿ ಕಾಣಿಸಿದರೆ ಅದೂ ಉಲ್ಲಂಘನೆ. ನೋವಿರುವ ಜಾಗಕ್ಕೆ ಹಾಕಿಸಿಕೊಳ್ಳುವ, ಊತ ಇಳಿಸುವ ಗ್ಲುಕೋಕಾರ್ಟಿಕಾಯ್ಡ್ ಇಂಜೆಕ್ಷನ್‌ಗೂ ಇದೇ ಲೆಕ್ಕ. ದೇಹದಿಂದ ಹೊರಹೋಗಲು ಎಷ್ಟು ದಿನ ಬೇಕು ಎಂದು ಕ್ರೀಡಾ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಚಿಕಿತ್ಸೆಗೆ ಆ ಮದ್ದೇ ಬೇಕಿದ್ದರೆ ಟಿಯುಇ, ಅಂದರೆ ಚಿಕಿತ್ಸಾ ವಿನಾಯಿತಿ ಇದೆ. ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚೆ ಅರ್ಜಿ ಹಾಕಬೇಕು. ರಾಷ್ಟ್ರೀಯ ಸಂಸ್ಥೆ ಕೊಟ್ಟ ವಿನಾಯಿತಿ ಅಂತರರಾಷ್ಟ್ರೀಯ ಕೂಟದಲ್ಲಿ ತಾನಾಗಿಯೇ ಚಲಾವಣೆ ಆಗುತ್ತದೆ ಎಂದುಕೊಳ್ಳಬೇಡಿ. ಅಲ್ಲಿ ಮಾನ್ಯತೆ ಇದೆಯೇ ಎಂದು ಮುಂಚಿತವಾಗಿ ಖಚಿತಪಡಿಸಿಕೊಳ್ಳಿ.

ಪೂರಕ ಆಹಾರದ ಪುಡಿ, ಮಾತ್ರೆಗಳ ಬಗ್ಗೆ ಹೇಳುವುದು ಕಡಿಮೆ. ಲೇಬಲ್‌ನಲ್ಲಿ ಇಲ್ಲದ್ದು ಒಳಗಿರಬಹುದು. ಪ್ರತಿ ಬ್ಯಾಚ್ ಪರೀಕ್ಷಿಸಿದ ಉತ್ಪನ್ನದಲ್ಲಿ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ನೋಂದಾಯಿತ ಪರೀಕ್ಷಾ ಗುಂಪಿನಲ್ಲಿರುವವರಿಗೆ, ಅಂದರೆ ಪರೀಕ್ಷೆಗೆಂದು ಆಯ್ದ ಉನ್ನತ ಮಟ್ಟದ ಕ್ರೀಡಾಪಟುಗಳಿಗೆ, ವೇರ್‌ಅಬೌಟ್ಸ್ ಹೊಣೆ ಬೇರೆ: ಎಲ್ಲಿರುತ್ತೇವೆ ಎಂದು ಮುಂಚೆಯೇ ತಿಳಿಸಬೇಕು. ದಿನಕ್ಕೆ 60 ನಿಮಿಷ, ಬೆಳಗಿನ 5ರಿಂದ ರಾತ್ರಿ 11ರ ನಡುವೆ, ಹೇಳಿದ ಜಾಗದಲ್ಲಿ ಸಿಗಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಅಂದರೆ ಸಿಗದೇ ಹೋದರೆ ಅಥವಾ ಮಾಹಿತಿ ಸರಿಯಾಗಿ ತುಂಬದಿದ್ದರೆ, ಒಂದು ಹನಿ ಮದ್ದು ಮುಟ್ಟದಿದ್ದರೂ ನಿಷೇಧ. 2019ರ 100 ಮೀಟರ್ ವಿಶ್ವ ಚಾಂಪಿಯನ್ ಕ್ರಿಶ್ಚಿಯನ್ ಕೋಲ್ಮನ್ ಟೋಕಿಯೊ ಒಲಿಂಪಿಕ್ಸ್ ಕಳೆದುಕೊಂಡದ್ದು ಹೀಗೆ. ಶಿಬಿರದಿಂದ ಶಿಬಿರಕ್ಕೆ, ವಿಮಾನದಿಂದ ಹೋಟೆಲಿಗೆ ಅಲೆಯುವ ಕೊನೆಯ ವಾರಗಳಲ್ಲೇ ಮಾಹಿತಿ ಬದಲಿಸಲು ಮರೆಯುವುದು ಸುಲಭ. ಟಿಕೆಟ್ ಬದಲಾದ ಗಳಿಗೆಯಲ್ಲೇ ಫೋನ್ ತೆಗೆದು ಅದನ್ನೂ ಬದಲಿಸಿಬಿಡಿ.

ಪರೀಕ್ಷೆಗೆ ಕರೆ ಬಂದರೆ ಅಧಿಕಾರಿಯ ಗುರುತುಪತ್ರ ನೋಡುವ ಹಕ್ಕು ನಿಮಗಿದೆ, ಜೊತೆಗೊಬ್ಬ ಪ್ರತಿನಿಧಿಯನ್ನು ಕರೆದೊಯ್ಯುವ ಹಕ್ಕೂ ಇದೆ. ಮೂತ್ರ ಕನಿಷ್ಠ 90 ಮಿಲಿಲೀಟರ್ ಬೇಕು. ಎ ಮತ್ತು ಬಿ ಬಾಟಲಿಗಳಿಗೆ ಹಂಚಿ ಮುಚ್ಚಿದ ಮೇಲೆ ಸಂಖ್ಯೆಗಳು ನಮೂನೆಗೆ ತಾಳೆಯಾಗುತ್ತವೆಯೇ ನೋಡಿ. ಇತ್ತೀಚೆಗೆ ತೆಗೆದುಕೊಂಡ ಮದ್ದು, ಪೂರಕಗಳನ್ನೆಲ್ಲ ಬರೆಸಿ. ಪ್ರಕ್ರಿಯೆಯಲ್ಲಿ ಏನಾದರೂ ಸರಿಯಿಲ್ಲ ಅನಿಸಿದರೆ ಆಕ್ಷೇಪಣೆಯನ್ನು ಅದೇ ನಮೂನೆಯಲ್ಲಿ ಬರೆದು, ಓದಿ, ಆಮೇಲೆ ಸಹಿ ಮಾಡಿ, ನಿಮ್ಮ ಪ್ರತಿ ತೆಗೆದಿಟ್ಟುಕೊಳ್ಳಿ. ಆ ಮಾದರಿಯನ್ನು 10 ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸಲು ಅವಕಾಶವಿದೆ.