ಸಕ್ಕರೆ ಕಾಯಿಲೆಯೂ ಮಿದುಳಿನ ಸೂಕ್ಷ್ಮ ರಕ್ತನಾಳಗಳೂ

ಮಧುಮೇಹವಿರುವ ಹಿರಿಯರು ಪರಿಚಿತ ಹೆಸರೊಂದಕ್ಕಾಗಿ ತಡಕಾಡತೊಡಗಿದರೆ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ಕಾರಣ ಹೇಳಿ ಸುಮ್ಮನಾಗುತ್ತಾರೆ: ಅರವತ್ತಕ್ಕೆ ಅರಳು ಮರಳು, ಇಲ್ಲವೇ ವರ್ಷಗಟ್ಟಲೆ ನುಂಗಿದ ಮಾತ್ರೆಗಳ ಫಲ. ಎರಡನೆಯದನ್ನು ನಂಬಿ ಮಾತ್ರೆ ನಿಲ್ಲಿಸಿ ಹಾಗಲಕಾಯಿ ರಸದ ಮೊರೆ ಹೋಗುವವರೂ ಇದ್ದಾರೆ. ಈ ಕಾಯಿಲೆ ಕಣ್ಣನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದೇ ರಕ್ತ ಹರಿಯುವ ಮಿದುಳಿಗೆ ಮಾತ್ರ ಏಕೆ ವಿನಾಯಿತಿ ಕೊಡುತ್ತಾರೋ ತಿಳಿಯದು.

ಮಾತ್ರೆಯ ಮೇಲಿನ ಆರೋಪಕ್ಕೆ ಬಲವಿಲ್ಲ ಎನ್ನುವುದಕ್ಕೆ ಇತಿಹಾಸವೇ ಸಾಕ್ಷಿ. ಅಮೆರಿಕದ ವಾಲ್ಟರ್ ಮೈಲ್ಸ್ ಮತ್ತು ಹೊವಾರ್ಡ್ ರೂಟ್ ಮಧುಮೇಹಿಗಳ ನೆನಪು ಹಾಗೂ ಗಮನವನ್ನು ಪರೀಕ್ಷಿಸಿ, ಅವರು ಇತರರಿಗಿಂತ ಹಿಂದುಳಿಯುತ್ತಾರೆಂದು ವರದಿ ಮಾಡಿದ್ದು 1922ರಲ್ಲಿ. ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದೂ ಆ ವರ್ಷದ ಜನವರಿಯಲ್ಲೇ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಮಧುಮೇಹಿಗಳ ಕೈಗೆ ಬರಲು ಇನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆಯಬೇಕಿತ್ತು. ಮುಂದಿನ ಅಧ್ಯಯನಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಮೊದಲು ಕುಂದುವುದು ಬಹುಮಟ್ಟಿಗೆ ಯೋಚನೆಯ ವೇಗ, ಗಮನ ಮತ್ತು ಹಲವು ಕೆಲಸಗಳನ್ನು ಯೋಜಿಸಿ ನಡೆಸುವ ಸಾಮರ್ಥ್ಯ. ನಡುವಯಸ್ಸಿನಲ್ಲಿ ಈ ಕುಸಿತ ಪರೀಕ್ಷೆಯಲ್ಲಷ್ಟೇ ಕಾಣುವಷ್ಟು ಅಲ್ಪ. ವೃದ್ಧಾಪ್ಯದ ಲೆಕ್ಕ ಬೇರೆ: ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ 1999ರಲ್ಲಿ ಮಧುಮೇಹಿಗಳಿಗೆ ಡಿಮೆನ್ಷಿಯಾದ (ನೆನಪು, ಯೋಚನೆಗಳು ಕುಂದುವ ಕಾಯಿಲೆಯ) ಅಪಾಯ ಸುಮಾರು ಎರಡು ಪಟ್ಟು ಎಂದು ತೋರಿಸಿತು.

ದೇಹದ ತೂಕದ ಶೇಕಡಾ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯ ಐದನೆಯ ಒಂದು ಭಾಗವನ್ನು ಕಬಳಿಸುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಂತೆ ನರಕೋಶಗಳು ಗ್ಲೂಕೋಸನ್ನು ಒಳಗೆಳೆದುಕೊಳ್ಳಲು ಇನ್ಸುಲಿನ್‌ನ ಅಪ್ಪಣೆಗೆ ಕಾಯುವುದಿಲ್ಲ. ಆದ್ದರಿಂದ ಮಧುಮೇಹದಲ್ಲಿ ಮಿದುಳು ಸಕ್ಕರೆಯಿಲ್ಲದೆ ಹಸಿಯುತ್ತದೆ ಎಂಬ ಸುಲಭದ ವಿವರಣೆ ಬಹುತೇಕ ತಪ್ಪು. ದೋಷವನ್ನು ಹುಡುಕಬೇಕಾದದ್ದು ಮುಖ್ಯವಾಗಿ ಪೂರೈಕೆಯ ದಾರಿಯಲ್ಲಿ.

ಮಿದುಳಿನಲ್ಲಿ ಇಂಧನದ ದಾಸ್ತಾನು ಅತ್ಯಲ್ಪ. ಒಂದು ಭಾಗ ಚುರುಕಾದ ಒಂದೆರಡು ಸೆಕೆಂಡುಗಳಲ್ಲೇ ಅಲ್ಲಿನ ಕಿರುಧಮನಿಗಳು ಹಿಗ್ಗಿ ಹೆಚ್ಚು ರಕ್ತ ಹರಿಸುತ್ತವೆ. ಬೆಳೆ ಬೇಡಿದ ಗದ್ದೆಯ ತೂಬು ತಾನಾಗಿಯೇ ತೆರೆದುಕೊಂಡಂತೆ. ಈ ತೂಬನ್ನು ತೆರೆಯುವ ಸಂಕೇತಗಳಲ್ಲಿ ನೈಟ್ರಿಕ್ ಆಕ್ಸೈಡ್ ಒಂದು. ನಾಳದ ಒಳಪದರದ ಕೋಶಗಳೂ ನರಕೋಶಗಳೂ ಅದನ್ನು ಬಿಡುಗಡೆ ಮಾಡುತ್ತವೆ. ಬಹುಕಾಲ ಏರಿದ ಸಕ್ಕರೆಯಲ್ಲಿ ನೆನೆದ ಒಳಪದರ ಘಾಸಿಗೊಂಡು ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಲೋಮನಾಳಗಳ, ಎಂದರೆ ಅತಿ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗುತ್ತದೆ. ತೂಬು ತಡವಾಗಿ, ಅರ್ಧಕ್ಕಷ್ಟೇ ತೆರೆಯುತ್ತದೆ. ಪೆಟ್ಟು ಮೊದಲು ತಗಲುವುದು ಕೊನೆಗದ್ದೆಗೆ, ಎಂದರೆ ಮಿದುಳಿನ ಆಳದ ಬಿಳಿ ದ್ರವ್ಯಕ್ಕೆ. ಅಲ್ಲಿಗೆ ಹೋಗುವ ಉದ್ದನೆಯ ಸಪೂರ ಧಮನಿಗಳಿಗೆ ಪರ್ಯಾಯ ದಾರಿಗಳು ಕಡಿಮೆ. ದೂರದ ಭಾಗಗಳನ್ನು ಜೋಡಿಸುವ ನರತಂತುಗಳೆಲ್ಲ ಇರುವುದೂ ಅಲ್ಲಿಯೇ ಆದ್ದರಿಂದ ಹಳೆಯ ನೆನಪು ಉಳಿದಿರುವಾಗಲೇ ಯೋಚನೆಯ ವೇಗ ತಗ್ಗುವುದು ಆಶ್ಚರ್ಯವಲ್ಲ. ಕಣ್ಣಿನ ಅಕ್ಷಿಪಟ ಭ್ರೂಣದಲ್ಲಿ ಮಿದುಳಿನಿಂದಲೇ ಮೂಡಿದ ಅಂಗಾಂಶ. ಅಲ್ಲಿನ ನಾಳಗಳು ಹಾಳಾಗಿರುವ ಮಧುಮೇಹಿಗಳಲ್ಲಿ ಅರಿವಿನ ಕುಂದೂ ಹೆಚ್ಚಾಗಿ ಕಂಡುಬಂದಿದೆ.

ಇನ್ಸುಲಿನ್‌ಗೆ ಮಿದುಳಿನಲ್ಲಿ ಕೆಲಸವೇ ಇಲ್ಲವೆಂದೇನೂ ಅಲ್ಲ. ಇಲಿಗಳ ಮಿದುಳಿನ ಹಲವೆಡೆ ಇನ್ಸುಲಿನ್ ಗ್ರಾಹಕಗಳು (ಅದರ ಸಂಕೇತವನ್ನು ಹಿಡಿಯುವ ಅಣುಗಳು) ಇರುವುದು 1978ರಲ್ಲೇ ಪತ್ತೆಯಾಯಿತು. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್‌ನಲ್ಲಿ ಅದು ನರಕೋಶಗಳ ಸಂಪರ್ಕಗಳನ್ನು ಪ್ರಭಾವಿಸುತ್ತದೆ. ಇಷ್ಟನ್ನು ಹಿಡಿದು ಆಲ್ಝೈಮರ್ ಕಾಯಿಲೆಯನ್ನು ‘ಮೂರನೆಯ ಬಗೆಯ ಮಧುಮೇಹ’ ಎಂದು ಕರೆಯುವ ರೂಢಿ 2005ರಿಂದೀಚೆಗೆ ಹಬ್ಬಿದೆ. ನನ್ನ ಮಟ್ಟಿಗೆ ಆ ಹೆಸರು ಪುರಾವೆಗಿಂತ ಬಹಳ ಮುಂದೆ ಓಡಿದೆ: ಮಧುಮೇಹವಿಲ್ಲದ ಅಸಂಖ್ಯರಿಗೆ ಆಲ್ಝೈಮರ್ ಬರುತ್ತದೆ, ಮಧುಮೇಹಿಗಳಲ್ಲಿ ಬಹುಪಾಲು ಜನರಿಗೆ ಬರುವುದಿಲ್ಲ.

ಮಾತ್ರೆಯ ದೂರಿನಲ್ಲಿ ಎರಡು ಕಾಳು ಸತ್ಯವಿದೆ ಎಂಬುದನ್ನು ಒಪ್ಪಬೇಕು. ಮೆಟ್‌ಫಾರ್ಮಿನ್‌ನ ದೀರ್ಘಕಾಲದ ಸೇವನೆಯಿಂದ ವಿಟಮಿನ್ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳಲ್ಲಿ ಮೊದಲೇ ಅದರ ಕೊರತೆ ಇರಬಹುದು, ಆ ಕೊರತೆ ಮರೆವನ್ನು ತರಬಲ್ಲದು. ಇದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಸುಲಭವಾಗಿ ತುಂಬಿಕೊಳ್ಳಬಹುದು, ಮಾತ್ರೆ ಬಿಡಬೇಕಾಗಿಲ್ಲ. ಎರಡನೆಯದು ಸಕ್ಕರೆ ಅತಿಯಾಗಿ ಇಳಿಯುವುದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸಿ ಊಟ ಬಿಟ್ಟಾಗ ಸಕ್ಕರೆ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಮಿಗಿಂತ ಕೆಳಗೆ, ಇನ್ನೂ ಗಂಭೀರವಾಗಿ 54ಕ್ಕಿಂತ ಕೆಳಗೆ ಇಳಿದರೆ ಗೊಂದಲ, ತೊದಲು, ಸಿಡುಕು ಕಾಣಿಸಿಕೊಳ್ಳುತ್ತವೆ. ಆಗ ಮಾತ್ರ ಮಿದುಳು ನಿಜವಾಗಿಯೂ ಹಸಿದಿರುತ್ತದೆ.

ಹಾಗಾದರೆ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಮಿದುಳು ಉಳಿಯುವುದೇ? ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಎಂಬ ಪ್ರಯೋಗದ ಭಾಗವಾಗಿ ಸುಮಾರು 3,000 ಮಧುಮೇಹಿಗಳನ್ನು 40 ತಿಂಗಳು ಗಮನಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ನಿರಾಸೆಯದು: ಕಟ್ಟುನಿಟ್ಟಿನ ನಿಯಂತ್ರಣದ ಗುಂಪಿನ ಮಿದುಳು ಸಾಮಾನ್ಯ ನಿಯಂತ್ರಣದ ಗುಂಪಿನದಕ್ಕಿಂತ ತುಸು ಕಡಿಮೆ ಕುಗ್ಗಿತಾದರೂ ಅರಿವಿನ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ವರ್ಷಗಟ್ಟಲೆ ಸವೆದ ನಾಳಗಳು ಅಷ್ಟರಲ್ಲಿ ಸುಧಾರಿಸುವಂಥವಲ್ಲ ಎಂಬುದು ಒಂದು ವಿವರಣೆ. ಮರೆವು ಈಗಾಗಲೇ ಇರುವ ಹಿರಿಯರಿಗೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಗುರಿಯನ್ನು ಶೇಕಡಾ 7ರ ಬದಲು 8ರೊಳಗೆ ಎಂದು ವೈದ್ಯರು ಸಡಿಲಿಸುವುದು ಅಸಡ್ಡೆಯಿಂದಲ್ಲ. ಆ ವಯಸ್ಸಿನಲ್ಲಿ ಏರಿದ ಸಕ್ಕರೆಗಿಂತ ಹಠಾತ್ತನೆ ಇಳಿದ ಸಕ್ಕರೆಯೇ ಹತ್ತಿರದ ಅಪಾಯ.