ಬ್ಲ್ಯಾಕ್ ಘೋಸ್ಟ್ ಮೀನು ಶಾಕ್ ಹೊಡೆಯುತ್ತಾ?

ಓದುಗರೊಬ್ಬರ ಪ್ರಶ್ನೆ: "ಮಗ ಶಿವಾಜಿನಗರದಿಂದ ಬ್ಲ್ಯಾಕ್ ಘೋಸ್ಟ್ ಮೀನು ತಂದಿದ್ದಾನೆ. ಅದು ಕರೆಂಟ್ ಮೀನು ಅಂತ ಅಂಗಡಿಯವರು ಹೇಳಿದರಂತೆ. ಟ್ಯಾಂಕ್ ತೊಳೆಯೋಕೆ ಕೈ ಹಾಕಿದರೆ ಶಾಕ್ ಹೊಡೆಯುತ್ತಾ?"

ಮೀನು ಹೊಡೆಯುವುದಿಲ್ಲ. ಆದರೂ ಪೂರ್ತಿ ಓದಿ ಆಮೇಲೆ ಕೈ ಹಾಕಿ.

ಅಂಗಡಿಯವರು ಸುಳ್ಳು ಹೇಳಿಲ್ಲ. ನಮ್ಮ ಮನೆ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡಿದರೆ, ಈ ಮೀನಿನದು ಸುಮಾರು 1,000 ಸಲ ಆಡುತ್ತದೆ. ಆದರೆ ಮನೆಯದು 230 ವೋಲ್ಟ್, ಇದರದು ಕೆಲವೇ ಮಿಲಿವೋಲ್ಟ್. ಹಗಲು ರಾತ್ರಿ ನಿಲ್ಲುವುದೇ ಇಲ್ಲ, ಏರಿಯಾದಲ್ಲಿ ಪವರ್ ಕಟ್ ಆದರೂ ಇದರ ಕರೆಂಟ್ ಹೋಗಲ್ಲ!

ಯಾಕಪ್ಪಾ ಇಷ್ಟು ಕಷ್ಟ ಅಂದರೆ, ಕತ್ತಲಲ್ಲಿ ದಾರಿ ಮತ್ತು ಊಟ ಹುಡುಕೋಕೆ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ನದಿಗಳು, ಓಡಾಡುವುದು ರಾತ್ರಿ, ಕಣ್ಣಿದ್ದೂ ಜಾಸ್ತಿ ಉಪಯೋಗವಿಲ್ಲ. ಮೀನಿನ ಸುತ್ತ ಹರಡಿದ ಕರೆಂಟಿಗೆ ಒಂದು ಹುಳ ಅಡ್ಡ ಬಂದರೆ, ಹುಳದ ಮೈ ಸಿಹಿನೀರಿಗಿಂತ ಚೆನ್ನಾಗಿ ಕರೆಂಟ್ ಹರಿಸುವುದರಿಂದ ಮೀನಿನ ಚರ್ಮದ ಆ ಜಾಗದಲ್ಲಿ ಕರೆಂಟ್ ಸ್ವಲ್ಪ ಹೆಚ್ಚುತ್ತದೆ. ಕಲ್ಲು ಬಂದರೆ ಕಡಿಮೆಯಾಗುತ್ತದೆ. ಚರ್ಮದ ತುಂಬ ಇರುವ ಸಣ್ಣ ಸಣ್ಣ ಅಂಗಗಳು ಈ ಏರಿಳಿತ ಹಿಡಿಯುತ್ತವೆ. ಮೈಯೆಲ್ಲಾ ಕಣ್ಣು ಅಂದ ಹಾಗೆ, ಆದರೆ ಸಣ್ಣ ಹುಳ "ಕಾಣುವುದು" ಕೆಲವು ಸೆಂಟಿಮೀಟರ್ ದೂರದವರೆಗೆ ಮಾತ್ರ.

ಗಮನಿಸಿ ನೋಡಿ, ಅದು ಬೇರೆ ಮೀನಿನ ಹಾಗೆ ಬಾಲ ಬಳುಕಿಸಲ್ಲ. ಮೈ ನೆಟ್ಟಗಿಟ್ಟುಕೊಂಡು ಹೊಟ್ಟೆ ಕೆಳಗಿನ ಉದ್ದ ರೆಕ್ಕೆಯಲ್ಲೇ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಮೈ ಬಳುಕಿದರೆ ಕರೆಂಟಿನ ಆಕಾರವೂ ಬದಲಾಗಿ ಲೆಕ್ಕ ತಪ್ಪುತ್ತದಲ್ವಾ? ಆಫ್ರಿಕಾದ ಒಂದು ಮೀನೂ ಹೀಗೇ ನೆಟ್ಟಗೆ ಈಜುತ್ತದೆ. ಅದು ಬಾಲದಿಂದ ಸದಾ ಕರೆಂಟ್ ಬಿಡುತ್ತಿರುತ್ತದೆ ಎಂದು ಕೇಂಬ್ರಿಜ್‌ನ ಹ್ಯಾನ್ಸ್ ಲಿಸ್ಮನ್ 1951ರಲ್ಲಿ ತೋರಿಸಿದರು. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ, ಉಪಾಯ ಮಾತ್ರ ಒಂದೇ. ನನಗೆ ಇದೇ ಜಾಸ್ತಿ ಮಜಾ ಅನಿಸುವುದು.

ನಿಜವಾಗಿ ಶಾಕ್ ಕೊಡುವುದು ಇದರ ಬಳಗದ ಎಲೆಕ್ಟ್ರಿಕ್ ಈಲ್. ಅದರ ಒಂದು ಜಾತಿಯಲ್ಲಿ 860 ವೋಲ್ಟ್ ಅಳೆದಿದ್ದಾರೆ. ಅದನ್ನಂತೂ ನಿಮ್ಮ ಮಗ ತಂದಿಲ್ಲ ತಾನೇ?

ಟ್ಯಾಂಕಿನಲ್ಲಿ ಕೈ ಜುಮ್ ಅಂದರೆ ಅನುಮಾನ ಪಡಬೇಕಾದ್ದು ಚಳಿಗೆ ಹಾಕಿದ ಹೀಟರ್ ಅಥವಾ ಮೋಟರ್ ಮೇಲೆ. ಒಡೆದ ಹೀಟರ್‌ನಿಂದ ನನಗೇ ಒಂದು ಸಲ ಹೊಡೆದಿದೆ, ಬೈಸಿಕೊಂಡಿದ್ದು ಪಾಪ ಮೀನು. ಎರಡರ ಪ್ಲಗ್ಗೂ ಕಿತ್ತು, ಆಮೇಲೆ ಕೈ ಹಾಕಿ.